ಅಪ್ಪನ ಕಡೆಯ ರಕ್ತ

ಕುಕ್ಕುಂದೂರು
9 ಜೂನ್ 2025

ಪ್ರೀತಿಯ ಅಣ್ಣ,

ಈ ಕಾಗದ ಮನೆಗೆ ಬಾರದೆ ನಿನ್ನ ಗೆಳೆಯ ಡೆನ್ವರನ ವೆಲ್ಡಿಂಗ್ ಅಂಗಡಿಗೆ ಯಾಕೆ ಬಂತು ಎಂದು ನಿನಗೆ ಅನ್ನಿಸಿರಬಹುದು. ಮನೆಗೆ ಫೋನ್ ಮಾಡಿದರೆ ಅಮ್ಮ ಅದನ್ನು ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಾರೆ. ನಿನ್ನ ಫೋನಿಗೆ ಮಾಡಿದರೆ ನಾನು ಎರಡನೆಯ ವಾಕ್ಯಕ್ಕೆ ಬರುವ ಮೊದಲೇ "ಆಯ್ತು ಮಾರಾಯ್ತಿ, ಬಲೆಯ ಕೆಲಸ ಉಂಟು" ಎಂದು ಇಡುತ್ತೀ. ಕಾಗದದ ಬಾಯಿ ಮುಚ್ಚಲು ನಿನ್ನಿಂದ ಆಗುವುದಿಲ್ಲ.

ಇದು ಕಳೆದ ವರ್ಷ ಮನೆಯ ದೈವಕ್ಕೆ ತಂಬಿಲ ಕೊಟ್ಟ ದಿನ ನಾನು ಮಾಡಿದ ಭಾಷಣದ ಮುಂದುವರಿದ ಭಾಗವಲ್ಲ. ದೈವದ ಸುದ್ದಿ ಇದರಲ್ಲಿ ಇಲ್ಲ. ಓದು.

ಹಿರಿಯಡ್ಕದಲ್ಲಿ ಯಶ್ವಂತ ಅಂಗಡಿಯ ಶಟರ್ ಎಳೆಯುತ್ತಾ ಕುಸಿದು ಹೋದ ಮೇಲೆ, ನಮ್ಮ ವಿಚಾರವಾದಿ ಬಳಗದವರು ಕಾರ್ಕಳದಲ್ಲಿ ರಕ್ತ ಪರೀಕ್ಷೆಯ ಶಿಬಿರ ಇಟ್ಟೆವು. ಅತ್ತೆಯ ಮಗ ಮೂವತ್ತಾರಕ್ಕೆ ಸತ್ತಾಗ ಸುಮ್ಮನೆ ಕೂತು ಅಳುವುದು ನನಗೆ ಗೊತ್ತಿಲ್ಲ. ಜನರಿಗೆ ತಮ್ಮ ರಕ್ತದಲ್ಲಿ ಎಂತ ಉಂಟು ಎಂದು ತಿಳಿಯುವ ಹಕ್ಕಿದೆ ಎಂದು ಕರಪತ್ರ ಬರೆದವಳು ನಾನೇ, ನಾನು ಕೆಲಸ ಮಾಡುವ ಡಿ.ಟಿ.ಪಿ. ಅಂಗಡಿಯಲ್ಲಿ ಅದನ್ನು ಅಚ್ಚು ಹಾಕಿದವಳೂ ನಾನೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದ ಹೆಂಗಸರು ಸೂಜಿ ನೋಡಿ ಬಾಗಿಲಲ್ಲೇ ನಿಂತರು. "ಹೆದರಲು ಎಂತ ಉಂಟು ಇದರಲ್ಲಿ?" ಎಂದು ಹೇಳಿ ಎಲ್ಲರಿಗಿಂತ ಮೊದಲು ನಾನು ಕೈ ಕೊಟ್ಟೆ.

ಅಣ್ಣ, ಅವತ್ತು ಬಂದ ರಿಪೋರ್ಟುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ನನ್ನದು.

ಎಲ್.ಡಿ.ಎಲ್. ಎಂಬ ಸಾಲಿನಲ್ಲಿ ನೂರರ ಒಳಗೆ ಇರಬೇಕಾದದ್ದು ನನಗೆ ಇನ್ನೂರ ಎಪ್ಪತ್ತೆರಡು. ಲ್ಯಾಬಿನ ಹುಡುಗಿ ಬಾಟಲಿ ಅದಲುಬದಲಾಗಿದೆ ಎಂದುಕೊಂಡು ಇನ್ನೊಮ್ಮೆ ತೆಗೆದಳು. ಎರಡನೆಯದೂ ಹಾಗೆಯೇ. ನಾನು ಮೀನು ಬಿಟ್ಟು ಎರಡು ವರ್ಷವಾಯಿತು. ತುಪ್ಪ ಮುಟ್ಟುವುದಿಲ್ಲ. ಗಾಳಿ ಬಂದರೆ ಹಾರಿಹೋಗುತ್ತೀ ಎಂದು ನೀನೇ ಹೇಳುತ್ತೀಯಲ್ಲ, ಆ ಮೈಯಲ್ಲಿ ಇಷ್ಟು ಕೊಬ್ಬು ಎಲ್ಲಿಂದ ಬಂತು?

ಮಳೆಗಾಲದ ರಜೆ ಮುಗಿದು ಆಗಸ್ಟ್ ಒಂದಕ್ಕೆ ನಿನ್ನ ಬೋಟು ಕಡಲಿಗೆ ಇಳಿಯುತ್ತದೆ. ಅದಕ್ಕೆ ಮೊದಲು ಒಂದು ಬೆಳಿಗ್ಗೆ ಏನೂ ತಿನ್ನದೆ ಉಡುಪಿಗೆ ಹೋಗಿ ಲಿಪಿಡ್ ಪ್ರೊಫೈಲ್ ಮಾಡಿಸು. ಅಪ್ಪ ಹೋಗುವಾಗ ಅವರಿಗೆ ನಲವತ್ತೆರಡು. ನಿನಗೆ ಈಗ ಮೂವತ್ತೆಂಟು. ಇಷ್ಟೇ ಹೇಳುವುದು. ಅಮ್ಮನಿಗೆ ಹೇಳಬೇಡ.

ಮಾನಸ


ಕಾಪು
17 ಜೂನ್

ಪ್ರೀತಿಯ ತಂಗಿ ಮಾನಸಳಿಗೆ ಅಣ್ಣನ ಆಶೀರ್ವಾದಗಳು.

ಕಾಗದ ಸಿಕ್ಕಿತು. ಡೆನ್ವರ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಈ ಪ್ರಾಯದಲ್ಲಿ ಎಂತ ಇದು ಭುಜಂಗಣ್ಣ? ಸ್ವರ್ಣಕ್ಕನಿಗೆ ಹೇಳಲಾ?" ಎಂದು ಕೇಳಿದ. ತಂಗಿಯದ್ದು ಎಂದರೆ ನಂಬಲಿಲ್ಲ. "ತಂಗಿ ಇಷ್ಟು ಉದ್ದ ಬರೆಯುವುದಾ?" ಎಂದ. ನನ್ನ ತಂಗಿಯನ್ನು ಅವನು ನೋಡಿಲ್ಲ, ಪಾಪ.

ನಿನ್ನ ಸಂಖ್ಯೆ ನೋಡಿ ಬೇಸರವಾಯಿತು. ನೀನು ಮೀನು ಬಿಟ್ಟದ್ದರಿಂದಲೇ ಹೀಗಾಯಿತು ಎಂದು ನನ್ನ ಅಭಿಪ್ರಾಯ. ಮೀನು ತಿಂದವರ ರಕ್ತ ನೀರಿನ ಹಾಗೆ ಓಡುತ್ತದೆ. ಭಾನುವಾರ ಬಾ, ಅತ್ತಿಗೆ ಸ್ವರ್ಣಲತಾ ಬಂಗುಡೆ ಪುಳಿಮುಂಚಿ ಮಾಡುತ್ತಾಳೆ.

ನನ್ನ ಬಗ್ಗೆ ನೀನು ಹೆದರಬೇಕಾಗಿಲ್ಲ. ನೀನು ತುಂಬಾ ಪುಸ್ತಿಕೆ ಓದಿ ನಮ್ಮ ಕ್ರಮವನ್ನೇ ಮರೆತಿದ್ದೀ. ಬಳಿ ಎಂದರೆ ಕುಲ ನಮ್ಮಲ್ಲಿ ತಾಯಿಯಿಂದ ಬರುವಂಥದ್ದು, ನಾವು ಅಮ್ಮನ ಬಳಿಯವರು. ಅಪ್ಪನದ್ದು ಬೇರೆ ಬಳಿ. ಅಪ್ಪನ ಮನೆಯ ಪಾಲು, ಅವರ ಮನೆಯ ದೈವದ ಹೊಣೆ, ಅದರ ಒಳ್ಳೆಯದು ಕೆಟ್ಟದ್ದು ಎಲ್ಲ ಅವರ ಅಕ್ಕನ ಮಕ್ಕಳಿಗೆ ಹೋಗುವಂಥದ್ದು. ಇದೂ ಹಾಗೆಯೇ ಯಶ್ವಂತನಿಗೆ ಹೋಯಿತು. ಹೇಳಲು ನಾಲಿಗೆ ಬರುವುದಿಲ್ಲ, ಆದರೆ ಅವನ ಉತ್ತರಕ್ರಿಯೆಯ ಬೊಜ್ಜದ ದಿನ ಅಮ್ಮ ಹೇಳಿದ್ದೂ ಅದನ್ನೇ: ನಿಮ್ಮ ಅಪ್ಪನದ್ದು ಅವರ ಸೋದರಳಿಯನಿಗೇ ಹೋಯಿತು, ನನ್ನ ಮಕ್ಕಳು ಬದುಕಿದರು ಎಂದು. ನಮ್ಮ ಬಳಿಯಲ್ಲಿ ನೋಡು. ದೊಡ್ಡಮಾವನಿಗೆ ಎಂಬತ್ತಾರು. ಇವತ್ತಿಗೂ ಕನ್ನಡಕ ಇಲ್ಲದೆ ಬಲೆ ಹೊಲಿಯುತ್ತಾರೆ, ಬಾಯಿ ಸಮೇತ ಎಲ್ಲ ಗಟ್ಟಿ ಉಂಟು. ನಾನು ಅವರ ಸೋದರಳಿಯ.

ಇಲ್ಲಿ ಎಲ್ಲ ಕ್ಷೇಮ. ಮಗಳು ವಿಜೇತಾ ಈಗ ಐದನೆಯ ಕ್ಲಾಸು. ಹಲಸಿನಹಣ್ಣು ಜಾಸ್ತಿಯಾಗಿ ನನಗೆ ಸ್ವಲ್ಪ ಗ್ಯಾಸ್. ಮೊನ್ನೆ ಬಲೆ ಹೊತ್ತು ಬರುವಾಗ ದಾರಿಯಲ್ಲಿ ಎರಡು ಕಡೆ ಕೂತೆ. ಸೋಡಾ ಕುಡಿದ ಮೇಲೆ ಸರಿಯಾಯಿತು.

ಭುಜಂಗ


ಕುಕ್ಕುಂದೂರು
24 ಜೂನ್

ಅಣ್ಣ,

ನಿನ್ನ ಕಾಗದದ ಕೊನೆಯ ಎರಡು ಸಾಲು ಓದಿದ ಮೇಲೆ ನನಗೆ ಮೇಲಿನದ್ದು ಯಾವುದೂ ತಲೆಯಲ್ಲಿ ಉಳಿಯಲಿಲ್ಲ. ಆ ಗ್ಯಾಸ್ ಎಲ್ಲಿ ಬಂದದ್ದು? ಹೊಟ್ಟೆಯಲ್ಲಾ, ಎದೆಯಲ್ಲಾ? ಕೂತ ಕೂಡಲೇ ಕಡಿಮೆಯಾಯಿತಾ, ಸೋಡಾ ಕುಡಿದ ಮೇಲೆ ಆಯಿತಾ? ಭಾರ ಹೊತ್ತಾಗ ಮಾತ್ರ ಬರುವುದಾ? ಇದಕ್ಕೆ ಉತ್ತರ ಬರೆ. ತಮಾಷೆ ಬೇಡ.

ನಾನು ಮಣಿಪಾಲಕ್ಕೆ ಹೋಗಿ ಬಂದೆ. ನಿನ್ನ ಬಳಿಯ ಮಾತಿಗೆ ನಗಬೇಕು ಎಂದಿದ್ದೆ, ನಗಲು ಯೋಗ್ಯತೆ ಇಲ್ಲದ ಹಾಗಾಯಿತು. ಡಾಕ್ಟರಮ್ಮ ನನ್ನ ರಿಪೋರ್ಟು ಮುಂದಿಟ್ಟುಕೊಂಡು ಕೇಳಿದರು:

"ನಿಮ್ಮಲ್ಲಿ ಯಾರಿಗಾದರೂ ಹೃದಯದ ತೊಂದರೆ ಉಂಟಾ?"

"ಇಲ್ಲ ಡಾಕ್ಟರ್. ನಮ್ಮಲ್ಲಿ ಎಲ್ಲರೂ ಎಂಬತ್ತು ದಾಟಿದವರು."

"ತಂದೆಯವರು?"

"ಅವರು ನಲವತ್ತೆರಡಕ್ಕೆ ಹೋದರು."

"ಹೇಗೆ?"

"ಬೋಟಿನಲ್ಲಿ. ಬಲೆ ಎಳೆಯುವಾಗ ಸುಸ್ತು ಅಂತ ಕೂತವರು ಏಳಲಿಲ್ಲ."

ಅವರು ಪೆನ್ನು ಕೆಳಗಿಟ್ಟರು. "ಮತ್ತೆ ಯಾರಿಗೂ ಇಲ್ಲ ಅಂತ ಹೇಳಿದಿರಿ?"

"ಅಪ್ಪನದ್ದು ಬೇರೆ ಬಳಿ ಡಾಕ್ಟರ್."

ಈ ಮಾತು ನನ್ನ ಬಾಯಿಯಿಂದ ಬಂತು ಅಣ್ಣ. ಊರಿಗೆಲ್ಲ ವಿಚಾರ ಹಂಚುವ ನನ್ನ ಬಾಯಿಯಿಂದ. ಅವರು ಕೆದಕಿದಾಗ ಯಶ್ವಂತನ ಸುದ್ದಿಯನ್ನೂ ಹೇಳಿದೆ. ಡಾಕ್ಟರಮ್ಮ ನಮ್ಮ ಕಡೆಯವರೇ ಇರಬೇಕು. "ಆಸ್ತಿ ಹಾಗೆ ಹೋಗ್ತದೆ, ರಕ್ತ ಹಾಗೆ ಹೋಗುವುದಿಲ್ಲ. ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ. ಯಶ್ವಂತರಿಗೆ ಬಂದದ್ದು ಅವರ ತಾಯಿಯಿಂದ, ನಿಮಗೆ ಬಂದದ್ದು ನಿಮ್ಮ ತಂದೆಯಿಂದ. ಒಂದೇ ಮನೆಯ ಎರಡು ಬಾಗಿಲು," ಎಂದರು.

ರಿಪೋರ್ಟು ಓದುವುದು ಹೇಗೆ ಎಂದು ಅವರು ಹೇಳಿಕೊಟ್ಟದ್ದನ್ನು ಬರೆಯುತ್ತೇನೆ, ನಿನ್ನದು ಬಂದಾಗ ಬೇಕಾಗುತ್ತದೆ. ಒಟ್ಟು ಕೊಲೆಸ್ಟರಾಲ್ ಎಂಬುದು ಎಲ್ಲ ಸೇರಿಸಿದ ಮೊತ್ತ, ಅದೊಂದನ್ನೇ ನೋಡಿ ಏನೂ ಹೇಳಲಾಗದು. ಎಚ್.ಡಿ.ಎಲ್. ಎಂಬುದು ಉಳಿದ ಕೊಬ್ಬನ್ನು ಹೆಕ್ಕಿ ಯಕೃತ್ತಿಗೆ ತಿರುಗಿ ತರುವಂಥದ್ದು, ಅದು ಇರಬೇಕು. ಟ್ರೈಗ್ಲಿಸರೈಡ್ ನಾವು ತಿಂದದ್ದಕ್ಕೆ, ಕುಡಿದದ್ದಕ್ಕೆ ಏರುವುದು ಇಳಿಯುವುದು ಮಾಡುತ್ತದೆ. ಖಾಲಿ ಹೊಟ್ಟೆ ಎಂದು ಹೇಳುವುದು ಮುಖ್ಯವಾಗಿ ಅದಕ್ಕೆ. ಎಲ್.ಡಿ.ಎಲ್. ಕೊಬ್ಬನ್ನು ಹೊತ್ತುಕೊಂಡು ಹೋಗಿ ರಕ್ತನಾಳದ ಗೋಡೆಯಲ್ಲಿ ಬಿಟ್ಟುಬರುವಂಥದ್ದು. ನನ್ನ ಉಳಿದೆಲ್ಲವೂ ಸರಿ ಉಂಟು, ಅದೊಂದೇ ಏರಿದೆ. ಒಂದೇ ಒಂದು, ಅದೂ ಇಷ್ಟು, ಅದೂ ನನ್ನಂಥ ಮೈಯಲ್ಲಿ ಏರಿದ್ದರೆ ಅದು ಊಟದಿಂದ ಬಂದದ್ದಲ್ಲ, ಹುಟ್ಟುವಾಗಲೇ ಬಂದದ್ದು ಎಂದರು. ಯಕೃತ್ತು ಅದನ್ನು ರಕ್ತದಿಂದ ಹಿಡಿದು ತೆಗೆಯಬೇಕು. ನಮ್ಮಂಥವರಲ್ಲಿ ಹಿಡಿಯುವ ಶಕ್ತಿ ಅರ್ಧ ಮಾತ್ರ. ಮೀನು ಬಿಟ್ಟರೂ ತಿಂದರೂ ಅದು ತಾನಾಗಿ ಇಳಿಯುವುದಿಲ್ಲ. ಗಂಡಸರಿಗೆ ಬೇಗ ಅಪಾಯ ಎಂದೂ ಹೇಳಿದರು. ನಾನು ಏನೂ ಕೇಳದೆಯೇ ಹೇಳಿದರು.

ಕೊನೆಗೆ ನನ್ನ ಹಿಮ್ಮಡಿಯ ಮೇಲಿನ ನರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಅಲ್ಲಿ ಸಣ್ಣ ಗಂಟು ಉಂಟು. ಕೊಬ್ಬು ಅಲ್ಲಿ ಕೂಡ ಕೂರುತ್ತದಂತೆ. ಅಪ್ಪನ ಕಾಲಿಗೆ ಅಮ್ಮ ಎಣ್ಣೆ ತಿಕ್ಕುವಾಗ ನಾನು ಮುಟ್ಟಿ ನೋಡಿದ್ದ ಗಂಟು ನೆನಪಾಯಿತು. ನಿನ್ನ ಕಾಲಿನದ್ದನ್ನು ನೀನು ಹಗ್ಗ ಎಳೆದೆಳೆದು ಬಂದದ್ದು ಎಂದು ವಿಜೇತಾಳಿಗೆ ತೋರಿಸಿ ಜಂಬ ಕೊಚ್ಚುತ್ತೀಯಲ್ಲ. ನಾನು ಯಾವ ಹಗ್ಗ ಎಳೆದಿದ್ದೇನೆ?

ನನಗೆ ಮಾತ್ರೆ ಬರೆದಿದ್ದಾರೆ. ನೀನು ಪರೀಕ್ಷೆಗೆ ಯಾವಾಗ ಹೋಗುತ್ತೀ, ದಿನ ಬರೆ.

ಮಾನಸ


ಕಾಪು
4 ಜುಲೈ

ಮಾನಸ,

ಹೃದಯ, ಅಪಾಯ, ಎದೆ ಎಂದೆಲ್ಲ ಬರೆದು ಅಂಗಡಿ ವಿಳಾಸಕ್ಕೆ ಕಳಿಸಬೇಡ. ಕಾಗದ ಅಂಗಿಯ ಕಿಸೆಯಲ್ಲಿ ಉಳಿದು ಸ್ವರ್ಣಲತಾ ಒಗೆಯುವಾಗ ನೋಡಿದಳು. ಅವತ್ತಿನಿಂದ ಅನ್ನ ಬಡಿಸುವಾಗ ನನ್ನ ಮುಖ ನೋಡುತ್ತಾಳೆ.

ನೀನು ಬರೆದ ಎಚ್.ಡಿ.ಎಲ್., ಎಲ್.ಡಿ.ಎಲ್. ನನಗೆ ಅರ್ಥವಾಯಿತು. ಒಂದು ಜನರನ್ನು ಮನೆ ಬಾಗಿಲಿಗೆ ಮುಟ್ಟಿಸುವ ಬಸ್ಸು, ಇನ್ನೊಂದು ಟೈಮಿಂಗ್ ಆಯಿತೆಂದು ದಾರಿಯಲ್ಲೇ ಇಳಿಸಿ ಹೋಗುವ ನಮ್ಮ ಎಕ್ಸ್‌ಪ್ರೆಸ್. ಅರ್ಥವಾಗದೆ ನಾನು ಹೋಗದೆ ಇರುವುದಲ್ಲ. ಸರಿಯಾಗಿ ಅರ್ಥವಾಗಿಯೇ ಹೋಗುವುದಿಲ್ಲ.

ನಾನು ಬೋಟಿನ ತಾಂಡೇಲ. ಗಾಳಿ, ನೀರು ನೋಡಿ ಎಲ್ಲಿ ಬಲೆ ಹಾಕಬೇಕು, ಯಾವಾಗ ತಿರುಗಬೇಕು ಎಂದು ಹೇಳುವವನು. ನನ್ನ ಹಿಂದೆ ಏಳು ಜನ ಬರುತ್ತಾರೆ. ಭುಜಂಗನ ಎದೆಯಲ್ಲಿ ತೊಂದರೆ ಉಂಟಂತೆ ಎಂಬ ಒಂದು ಮಾತು ಬಂದರಿನ ದಕ್ಕೆಯಲ್ಲಿ ಬಿದ್ದರೆ ಸಾಕು, ಯಾರೂ ನನ್ನ ಬೋಟು ಹತ್ತುವುದಿಲ್ಲ. ಯಜಮಾನರು ಬೇರೆಯವನನ್ನು ಹುಡುಕುತ್ತಾರೆ. ಅಪ್ಪನನ್ನು ಹೊತ್ತು ತಂದ ಬೋಟಿಗೆ ಆ ವರ್ಷ ಜನ ಸಿಗಲಿಲ್ಲ. ನಿನಗೆ ಆಗ ಏಳು ವರ್ಷ, ನೆನಪಿರಲಿಕ್ಕಿಲ್ಲ. ನನಗೆ ಉಂಟು. ಹೊತ್ತವರಲ್ಲಿ ನಾನೂ ಒಬ್ಬ.

ನನಗೆ ಸಂಖ್ಯೆ ಬೇಡ. ಸಂಖ್ಯೆ ಇಲ್ಲದಿದ್ದರೆ ನಾನು ದೊಡ್ಡಮಾವನ ಅಳಿಯ.

ಇನ್ನೊಂದು. ನೀನು ನನಗೆ ಬುದ್ಧಿ ಹೇಳಿದ್ದೆಲ್ಲ ಸರಿ. ಮಾತ್ರೆ ಬರೆದಿದ್ದಾರೆ ಎಂದೆ. ನುಂಗಿದೆ ಎಂದು ಎಲ್ಲಿಯೂ ಬರೆಯಲಿಲ್ಲ. ನಾನು ಆ ಕಾಗದವನ್ನು ಎರಡು ಸಲ ಓದಿದೆ.

ಭುಜಂಗ


ಕುಕ್ಕುಂದೂರು
10 ಜುಲೈ

ಅಣ್ಣ,

ನುಂಗಿರಲಿಲ್ಲ.

ಕೊಲೆಸ್ಟರಾಲ್ ಎಂಬುದೇ ಔಷಧ ಕಂಪೆನಿಗಳು ಹುಟ್ಟಿಸಿದ ಹೆದರಿಕೆ ಎಂಬ ಪುಸ್ತಿಕೆಯೊಂದು ಉಂಟು. ಮೂರು ವರ್ಷದ ಹಿಂದೆ ಅದನ್ನು ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹಂಚಿದವಳು ನಾನು. ಈಗ ಅದೂ ಮೇಜಿನ ಮೇಲೆ, ಮಾತ್ರೆಯ ಪಟ್ಟಿಯೂ ಮೇಜಿನ ಮೇಲೆ. ಕಂಪೆನಿಗಳು ಲಾಭಕ್ಕೆ ಎಂತ ಬೇಕಾದರೂ ಮಾಡುತ್ತವೆ ಎಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಆ ಪುಸ್ತಿಕೆ ಬರೆದವರು ಅಪ್ಪನನ್ನು ನೋಡಿಲ್ಲ, ಯಶ್ವಂತನನ್ನು ನೋಡಿಲ್ಲ. ಮಾತ್ರೆ ನುಂಗಿದರೆ ನಾನು ರೋಗಿ ಎಂದು ಒಪ್ಪಿಕೊಂಡ ಹಾಗೆ. ಅದಕ್ಕೆ ಹೆದರಿದೆ. ತತ್ತ್ವ ಅದರ ಮೇಲೆ ಹೊದಿಸಿದ ಬಟ್ಟೆ ಅಷ್ಟೆ. ನಿನ್ನ ಕಾಗದ ಓದಿ ನೀರು ತಂದು ಮೊದಲನೆಯದನ್ನು ನುಂಗಿದೆ.

ಈಗ ನಾನು ಬರೆಯಬಾರದು ಎಂದು ಇಷ್ಟು ದಿನ ತಡೆದದ್ದನ್ನು ಬರೆಯುತ್ತೇನೆ. ಡಾಕ್ಟರಮ್ಮ ಅವತ್ತು ಕೇಳಿದ ಕೊನೆಯ ಪ್ರಶ್ನೆ ನಿನ್ನ ಬಗ್ಗೆ ಅಲ್ಲ. "ನಿಮ್ಮ ಅಣ್ಣನಿಗೆ ಮಕ್ಕಳಿದ್ದಾರಾ?" ಎಂದು ಕೇಳಿದರು.

ನಮ್ಮ ಕ್ರಮದಲ್ಲಿ ವಿಜೇತಾ ಅತ್ತಿಗೆಯ ಬಳಿಯವಳು. ನಿನ್ನದು ಅವಳಿಗೆ ಮುಟ್ಟುವುದಿಲ್ಲ ಎಂದು ನೀನು ಸಮಾಧಾನದಲ್ಲಿ ಇರಬಹುದು. ನಿನಗೆ ಇದು ಉಂಟಾದರೆ ಅವಳಿಗೆ ಇರುವ ಸಾಧ್ಯತೆ ಅರ್ಧಕ್ಕರ್ಧ. ಇದು ಸಣ್ಣ ಮಕ್ಕಳಲ್ಲಿ ಹೊರಗೆ ಏನೂ ತೋರಿಸುವುದಿಲ್ಲ. ಓಡುತ್ತಾರೆ, ಆಡುತ್ತಾರೆ, ಒಳಗೆ ಗೋಡೆಯ ಮೇಲೆ ಕೂರುತ್ತಾ ಹೋಗುತ್ತದೆ. ಈಗ ಗೊತ್ತಾದರೆ ತಡೆಯಬಹುದು. ಅವಳೂ ದೊಡ್ಡಮಾವನ ಹಾಗೆ ಎಂಬತ್ತಾರು ಕಾಣಬಹುದು. ಗೊತ್ತಾಗದಿದ್ದರೆ ಏನಾಗುತ್ತದೆ ಎಂದು ನಮ್ಮಿಬ್ಬರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೀನು ಸಂಖ್ಯೆ ಬೇಡ ಎಂದೆ. ಬೇಡ ಎನ್ನುವ ಹಕ್ಕು ನಿನ್ನ ಒಬ್ಬನ ಮೈಗೆ ಮಾತ್ರ.

ಮಾನಸ


ಕುಕ್ಕುಂದೂರು
22 ಜುಲೈ

ಅಣ್ಣ,

ಉತ್ತರ ಬರಲಿಲ್ಲ. ಕಾಗದದ ಕೊನೆಯ ಸಾಲು ನಾನು ಬರೆಯಬಾರದಿತ್ತು.

ನಿನ್ನ ಫೋನು ಆಫ್. ಮನೆಗೆ ಮಾಡಿದಾಗ ಅಮ್ಮ ತೆಗೆದರು. "ಅವರು ಮೂರು ಜನ ಪುನಃ ಉಡುಪಿಗೆ ಹೋದರು, ಮಗುವಿಗೆ ಶಾಲೆಯ ಸಾಮಾನು ತರಲಿಕ್ಕೆ. ಎಷ್ಟು ಸಾಮಾನು ಮಾರಾಯ್ತಿ ಈಗಿನ ಮಕ್ಕಳಿಗೆ," ಎಂದರು. ನಾನು ಇಲ್ಲಿ ಅನ್ನ ಸೇರದೆ ಕೂತಿದ್ದೇನೆ, ನೀನು ಪೇಟೆ ತಿರುಗುತ್ತಿದ್ದೀ. ಇದು ಸಿಟ್ಟೋ, ಹಟವೋ ಗೊತ್ತಾಗುವುದಿಲ್ಲ.

ನಿನ್ನೆ ಕಾಪುವಿಗೆ ಬಂದೆ. ಡೆನ್ವರನ ಅಂಗಡಿಯವರೆಗೆ ನಡೆದೆ. ಅವನು, "ಆ ಉದ್ದ ಕಾಗದದ ತಂಗಿ ನೀವೇನಾ?" ಎಂದು ಕುರ್ಚಿ ಕೊಟ್ಟ. ನೀನು ಹೇಗಿದ್ದೀ ಎಂದು ಕೇಳಿದೆ. "ಆ ದಿನ ಕಾಗದ ಓದಿ ಹಿಂದೆ ಗೋಡೆಗೆ ಒರಗಿ ನಿಂತರು. ನಾನು ಕರೆದರೂ ಕೇಳಲಿಲ್ಲ. ಮತ್ತೆ ಈ ಕಡೆ ಬರಲಿಲ್ಲ," ಎಂದ. ಮನೆಗೆ ಬರಲು ಧೈರ್ಯ ಸಾಲದೆ ಅಲ್ಲಿಂದಲೇ ಬಸ್ಸು ಹತ್ತಿದೆ. ಅಮ್ಮ ನನ್ನ ಮುಖ ನೋಡಿದರೆ ಎಲ್ಲ ಓದುತ್ತಾರೆ.

ಪರೀಕ್ಷೆಗೆ ಹೋಗಬೇಡ, ಆಯ್ತು. ನಾನು ಇನ್ನು ಅದರ ಮಾತು ಎತ್ತುವುದಿಲ್ಲ. ಬದುಕಿದ್ದೇನೆ ಎಂದು ಒಂದು ಸಾಲು ಬರೆ. ಬೋಟು ಇಳಿಯುವ ಮೊದಲು ಬರೆ.

ಮಾನಸ


ಮಣಿಪಾಲ
29 ಜುಲೈ

ಪ್ರೀತಿಯ ಮಾನಸ,

ಬದುಕಿದ್ದೇನೆ. ನಿನ್ನ ಕೊನೆಯ ಕಾಗದವನ್ನು ಡೆನ್ವರ್ ಇವತ್ತು ಆಸ್ಪತ್ರೆಗೆ ತಂದುಕೊಟ್ಟ. ಫೋನ್ ಮಾಡಬಹುದಿತ್ತು. ಸ್ವರ ಸರಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇದನ್ನು ಕಾರ್ಕಳದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡಲು ಸ್ವರ್ಣಲತಾಳಿಗೆ ಹೇಳಿದ್ದೇನೆ. ಸಂಜೆಗೆ ನಿನ್ನ ಅಂಗಡಿಗೆ ಮುಟ್ಟಬೇಕು.

ನನ್ನನ್ನು ಇಲ್ಲಿ ನಿನ್ನೆಯಿಂದ ಮಲಗಿಸಿದ್ದಾರೆ. ಇ.ಸಿ.ಜಿ. ಸರಿ ಇಲ್ಲ. ನಾಳಿದ್ದು ಮಣಿಕಟ್ಟಿನಿಂದ ತಂತಿ ಹಾಕಿ ರಕ್ತನಾಳ ಎಲ್ಲಿ ಕಟ್ಟಿದೆ ಎಂದು ನೋಡುತ್ತಾರಂತೆ. ನೀನು ಕೇಳಿದ್ದೆಲ್ಲ ನಿಜ. ಹೊಟ್ಟೆಯಲ್ಲಿ ಅಲ್ಲ, ಎದೆಯಲ್ಲಿ. ಭಾರ ಹೊತ್ತಾಗ ಬರುತ್ತಿತ್ತು, ಕೂತರೆ ಹೋಗುತ್ತಿತ್ತು. ಚಳಿಗಾಲದಿಂದ ಉಂಟು. ಡಾಕ್ಟರಿಗೂ ಮೊದಲು ಗ್ಯಾಸ್ ಎಂದೇ ಹೇಳಿದೆ. ಅವರು ಪುನಃ ಕೇಳಿದರು. ಮತ್ತೆ ಎಲ್ಲ ಹೇಳಿದೆ. ಯಜಮಾನರಿಗೂ ತಿಳಿಸಿದೆ. ಒಂದನೆಯ ತಾರೀಕಿಗೆ ಬೋಟಿಗೆ ಬೇರೆ ತಾಂಡೇಲ ಬರುತ್ತಾನೆ.

ನಾನು ಪೇಟೆ ತಿರುಗುತ್ತಿದ್ದೇನೆ ಎಂದು ನೀನು ಬರೆದದ್ದನ್ನು ಸ್ವರ್ಣಲತಾ ಓದಿ ಅತ್ತಳು. ನಿನ್ನ ಮೇಲೆ ಸಿಟ್ಟಿನಿಂದ ಅಲ್ಲ. ನಿನ್ನ ಹತ್ತನೆಯ ತಾರೀಕಿನ ಕಾಗದ ಓದಿದ ಮೇಲೆ ನಾನು ವಿಜೇತಾಳನ್ನು ಉಡುಪಿಯ ಲ್ಯಾಬಿಗೆ ಕರೆದುಕೊಂಡು ಹೋದೆ. ನನಗೆ ನನ್ನ ಸಂಖ್ಯೆ ಬೇಕಾಗಿರಲಿಲ್ಲ. ಅವಳದ್ದು ಒಳ್ಳೆಯದು ಬಂದರೆ ಅದನ್ನು ನಿನ್ನ ಮುಖಕ್ಕೆ ಹಿಡಿಯಬೇಕು, ನೋಡು, ನಮ್ಮ ಕ್ರಮ ಸರಿ ಉಂಟು ಎಂದು ಬರೆಯಬೇಕು ಎಂದಿತ್ತು. ಅದಕ್ಕೇ ನಿನಗೆ ಏನೂ ತಿಳಿಸಲಿಲ್ಲ. ಹಸಿದ ಹೊಟ್ಟೆಯಲ್ಲಿ ಬಸ್ಸಿನಲ್ಲಿ ಕೂತು ಅವಳು, "ಆಮೇಲೆ ಬನ್ಸ್ ಕೊಡಿಸ್ತೀರಾ?" ಎಂದು ಕೇಳುತ್ತಲೇ ಇದ್ದಳು. ಕೊಡಿಸಿದೆ. ನನಗೆ ತಿನ್ನಲು ಆಗಲಿಲ್ಲ.

ಎಲ್.ಡಿ.ಎಲ್. ಇನ್ನೂರ ಹದಿನಾಲ್ಕು. ಹತ್ತು ವರ್ಷದ ಮಗುವಿಗೆ.

ಆ ಕಾಗದ ಹಿಡಿದು ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಕಾಪು ಕಾಪು ಎಂದು ಕೂಗುತ್ತಿದ್ದರು, ನನಗೆ ಯಾವ ಬಸ್ಸು ಎಂದು ತಿಳಿಯಲಿಲ್ಲ. ನಡುಕಡಲಲ್ಲಿ ಇಂಜಿನ್ ನಿಂತಾಗಲೂ ನಾನು ಹಾಗೆ ಹೆದರಿದವನಲ್ಲ. ಫೋನ್ ಆಫ್ ಮಾಡಿಟ್ಟೆ. ನಿನ್ನ ಸ್ವರ ಕೇಳಿದರೆ ಎಲ್ಲ ಹೇಳಿಬಿಡುತ್ತಿದ್ದೆ.

ಇನ್ನೊಮ್ಮೆ ತೆಗೆಸಿದೆವು, ಹಾಗೆಯೇ ಬಂತು. ಮಕ್ಕಳ ಡಾಕ್ಟರನ್ನು ಕಾಣಲು ನಿನ್ನೆ ಮಣಿಪಾಲಕ್ಕೆ ಬಂದೆವು. ಒಳ್ಳೆಯ ಮನುಷ್ಯ. ನಮ್ಮನ್ನು ಬಿಟ್ಟು ಅವಳ ಹತ್ತಿರವೇ ಮಾತಾಡಿದರು. "ನಿನಗೆ ಜ್ವರ ಅಲ್ಲ, ನೋವು ಅಲ್ಲ. ನೀನು ಓಡಬಹುದು, ಈಜಬಹುದು. ರಕ್ತದಲ್ಲಿ ಒಂದು ಸಾಮಾನು ಜಾಸ್ತಿ ಉಂಟು. ಊಟದಲ್ಲಿ ಸ್ವಲ್ಪ ಜಾಗ್ರತೆ, ಒಂದು ಸಣ್ಣ ಮಾತ್ರೆ. ಹಲ್ಲು ಉಜ್ಜಿದ ಹಾಗೆ ದಿನಾಲೂ," ಎಂದರು. ಅವಳು ತಲೆಯಾಡಿಸಿದಳು. "ಇದು ಅಪ್ಪನಿಂದ ಅಥವಾ ಅಮ್ಮನಿಂದ ಬರುವಂಥದ್ದು," ಎಂದೂ ಹೇಳಿದರು. ಸ್ವರ್ಣಲತಾ ಉಡುಪಿಯಲ್ಲೇ ತನ್ನದನ್ನೂ ಮಾಡಿಸಿದ್ದಳು, ನೂರ ನಾಲ್ಕು. ಆ ಕಾಗದವನ್ನು ತೆಗೆದು ಅವರ ಮೇಜಿನ ಮೇಲೆ ಇಟ್ಟಳು. ನನ್ನ ಕಡೆ ನೋಡಲಿಲ್ಲ. ಡಾಕ್ಟರೂ ನೋಡಲಿಲ್ಲ.

ನೋಡಿದ್ದು ಮಗು. ಎರಡೂ ಕಾಗದವನ್ನು ಹತ್ತಿರ ಎಳೆದುಕೊಂಡು ಬೆರಳಿಟ್ಟು ಓದಿದಳು.

"ಅಮ್ಮನದ್ದು ನೂರ ನಾಲ್ಕು. ನನ್ನದು ಇನ್ನೂರ ಹದಿನಾಲ್ಕು. ನಿಮ್ಮದು ಎಷ್ಟು ಅಪ್ಪ?"

ಗೊತ್ತಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ಅಂಗಿಯ ತೋಳು ಮೇಲಕ್ಕೆ ಮಡಚಿ, ಸೂಜಿ ಚುಚ್ಚುವ ಕೋಣೆ ಎಲ್ಲಿ ಎಂದು ಕೇಳಿದೆ.

ಭುಜಂಗ